ಸ್ಟುಡಿಬೇಕರ್

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ 1852ರಲ್ಲಿ ಕಮ್ಮಾರಸಾಲೆಯಾಗಿ ಹುಟ್ಟಿ, ಕುದುರೆಗಾಡಿಗಳಿಂದ ಹೆಸರು ಮಾಡಿ, 1902ರಿಂದ 1966ರವರೆಗೆ ಮೋಟಾರು ಕಾರುಗಳನ್ನು ತಯಾರಿಸಿದ ಸಂಸ್ಥೆ. ಸ್ಟುಡಿಬೇಕರ್ ಕಾರುಗಳಲ್ಲಿ ಕೆಲವು ತಮ್ಮ ಕಾಲದ ಅತ್ಯಂತ ಸುಂದರ ವಾಹನಗಳೆಂದು ಹೆಸರಾದವು. ಆದರೆ ಅಮೆರಿಕದ ದುಡಿಯುವ ಜನರ ಬದುಕಿನ ಮೇಲೆ ಆಳವಾದ ಗುರುತು ಉಳಿಸಿದ್ದು ಈ ಕಾರುಗಳಲ್ಲ, ಕಾರ್ಖಾನೆ ಮುಚ್ಚಿದ ರೀತಿ.

ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಅಣ್ಣತಮ್ಮಂದಿರು ಕುಲುಮೆ ಹೂಡಿದಾಗ ಅವರ ಬಂಡವಾಳ 68 ಡಾಲರ್. ಇನ್ನೊಬ್ಬ ತಮ್ಮ ಜಾನ್ ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವನು, ಚಿನ್ನ ಅಗೆಯುವ ಬದಲು ಅಗೆಯುವವರಿಗೆ ಬೇಕಾದ ಒಂಟಿಚಕ್ರದ ಕೈಗಾಡಿಗಳನ್ನು ಮಾಡಿಕೊಟ್ಟ. 1858ರಲ್ಲಿ ಸುಮಾರು 8,000 ಡಾಲರ್ ಗಂಟಿನೊಂದಿಗೆ ಊರಿಗೆ ಮರಳಿ ಅದನ್ನು ಅಣ್ಣಂದಿರ ಉದ್ಯಮದಲ್ಲಿ ತೊಡಗಿಸಿದ. ಬೆನ್ನಿಗೇ ಬಂದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಗೆ ಸಾವಿರಾರು ಗಾಡಿಗಳು ಬೇಕಾದವು. 1870ರ ದಶಕದಲ್ಲಿ ಎರಡು ಸಲ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟರೂ ಸಂಸ್ಥೆ ಎದ್ದು ನಿಂತಿತು. ಜಗತ್ತಿನ ಅತಿ ದೊಡ್ಡ ಗಾಡಿ ತಯಾರಕ ಎಂದು ಹೇಳಿಕೊಳ್ಳುವ ಮಟ್ಟಕ್ಕೆ ಬೆಳೆಯಿತು.

ಮೊದಲ ಕಾರುಗಳು ಬ್ಯಾಟರಿಯಿಂದ ಓಡುವಂಥವು. 1902ರಲ್ಲಿ ತಯಾರಾದ 20 ಕಾರುಗಳಲ್ಲಿ ಒಂದನ್ನು ಥಾಮಸ್ ಎಡಿಸನ್ ಕೊಂಡ. ಪೆಟ್ರೋಲ್ ಕಾರುಗಳು 1904ರಲ್ಲಿ ಬಂದವು. ಕೆಲವು ವರ್ಷಗಳ ನಂತರ ಡೆಟ್ರಾಯಿಟ್‌ನ ಇ-ಎಂ-ಎಫ್ ಕಂಪನಿಯನ್ನು ಕೊಂಡು, 1911ರಲ್ಲಿ ಸ್ಟುಡಿಬೇಕರ್ ಕಾರ್ಪೊರೇಷನ್ ರೂಪುಗೊಂಡಿತು. ಗಾಡಿ ಕಟ್ಟುತ್ತಿದ್ದ ಮನೆತನಗಳ ಪೈಕಿ ಕಾರು ಯುಗದಲ್ಲೂ ಹೀಗೆ ಬೇರೂರಿದವು ಬೆರಳೆಣಿಕೆಯಷ್ಟು.

1915ರಲ್ಲಿ ಅಧ್ಯಕ್ಷನಾದ ಆಲ್ಬರ್ಟ್ ಎರ್ಸ್‌ಕಿನ್ ಧೈರ್ಯಶಾಲಿ, ಆದರೆ ಅತಿಯಾದ ಆಶಾವಾದಿ. 1929ರ ಆರ್ಥಿಕ ಕುಸಿತ ಬೇಗ ಕಳೆಯುತ್ತದೆಂದು ನಂಬಿ, ಗಳಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿನ ಲಾಭಾಂಶವನ್ನು ಷೇರುದಾರರಿಗೆ ಹಂಚಿದ. ಬೊಕ್ಕಸ ಬರಿದಾಯಿತು. 1933ರ ಮಾರ್ಚಿನಲ್ಲಿ ಕಂಪನಿ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ಕೈಸೇರಿತು. ಜುಲೈನಲ್ಲಿ ಎರ್ಸ್‌ಕಿನ್ ಆತ್ಮಹತ್ಯೆ ಮಾಡಿಕೊಂಡ. ಸಂಸ್ಥೆಯ ಹಿರಿಯ ಅಧಿಕಾರಿಗಳಾದ ಹೆರಾಲ್ಡ್ ವ್ಯಾನ್ಸ್ ಮತ್ತು ಪಾಲ್ ಹಾಫ್‌ಮನ್ ಕಂಪನಿಯನ್ನು ಮತ್ತೆ ನಡೆಯುವಂತೆ ಮಾಡಿದರು. ಹೊಸ ಬದುಕು ಕೊಟ್ಟದ್ದು 1939ರ ‘ಚಾಂಪಿಯನ್’: ಹಗುರ ಮೈ, ಕಡಿಮೆ ಪೆಟ್ರೋಲ್, ಕೈಗೆಟುಕುವ ಬೆಲೆ.

ಎರಡನೇ ಮಹಾಯುದ್ಧದಲ್ಲಿ ಈ ಕಾರ್ಖಾನೆ ಯುಎಸ್6 ಎಂಬ ಟ್ರಕ್ಕುಗಳನ್ನು ಎರಡು ಲಕ್ಷದಷ್ಟು ತಯಾರಿಸಿತು. ಹೆಚ್ಚಿನವು ಹೋದದ್ದು ಸೋವಿಯತ್ ಒಕ್ಕೂಟಕ್ಕೆ. ಕೆಸರು, ಹಿಮ ಎನ್ನದೆ ಓಡಿದ ಈ ಟ್ರಕ್ಕುಗಳ ಬೆನ್ನ ಮೇಲೆ ಸೋವಿಯತ್ ಸೇನೆ ಕತ್ಯೂಷಾ ರಾಕೆಟ್‌ಗಳನ್ನು ಕೂರಿಸಿತು. ಬಿ-17 ಬಾಂಬರ್ ವಿಮಾನಗಳ ಎಂಜಿನ್ನುಗಳೂ ಸೌತ್ ಬೆಂಡ್‌ನಲ್ಲಿ ತಯಾರಾದವು.

ಯುದ್ಧ ಮುಗಿದಾಗ ದೊಡ್ಡ ಕಂಪನಿಗಳು ಹಳೆಯ ಮಾದರಿಗಳನ್ನೇ ತಿದ್ದಿ ಮಾರುತ್ತಿದ್ದರೆ ಸ್ಟುಡಿಬೇಕರ್ 1946ರಲ್ಲೇ ಪೂರ್ತಿ ಹೊಸ ಕಾರು ತಂದಿತು. 1950ರ ಮಾದರಿಯ ಮೂತಿಯ ನಡುವೆ ವಿಮಾನದ ಮೂಗಿನಂಥ ಉಬ್ಬು ಇತ್ತು. ಆ ವರ್ಷದ ಮಾದರಿಗಳು ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು. ಭಾರತದಲ್ಲಿ ಬಿರ್ಲಾ ಬಳಗದ ಹಿಂದುಸ್ತಾನ್ ಮೋಟಾರ್ಸ್, ಅಂಬಾಸಿಡರ್ ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ, ಸ್ಟುಡಿಬೇಕರ್ ವಾಹನಗಳನ್ನು ಜೋಡಿಸಿ ಮಾರುತ್ತಿತ್ತು.

1953ರ ‘ಸ್ಟಾರ್‌ಲೈನರ್’ ಕೂಪೆ ಸ್ಟುಡಿಬೇಕರ್ ಕೌಶಲದ ಶಿಖರ, ಕುಸಿತದ ಆರಂಭವೂ ಅದೇ. ರೇಮಂಡ್ ಲೋವಿಯ ವಿನ್ಯಾಸ ತಂಡದಲ್ಲಿದ್ದ ರಾಬರ್ಟ್ ಬೌರ್ಕ್ ರೂಪಿಸಿದ ಈ ಕಾರು ತಗ್ಗಾಗಿ, ನೀಳವಾಗಿ, ಕ್ರೋಮಿನ ಹೊಳಪನ್ನು ಮಿತವಾಗಿ ಧರಿಸಿ ನಿಂತಿತ್ತು. ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಇದಕ್ಕಿಂತ ಅಂದವಾದದ್ದು ಅಪರೂಪ ಎಂಬ ಮಾತನ್ನು ಒಪ್ಪದಿರುವುದು ಕಷ್ಟ. ಜನ ಕೂಪೆಗಾಗಿ ಮುಗಿಬಿದ್ದರು. ಕಂಪನಿಯ ಲೆಕ್ಕ ಮಾತ್ರ ತಲೆಕೆಳಗಾಗಿತ್ತು: ಹೆಚ್ಚು ಮಾರಾಟವಾಗುವುದು ನಾಲ್ಕು ಬಾಗಿಲಿನ ಸೆಡಾನ್ ಎಂದೇ ಅದು ಸಿದ್ಧತೆ ಮಾಡಿಕೊಂಡಿತ್ತು. ಸಾಲದ್ದಕ್ಕೆ ಮುಂಭಾಗದ ತಗಡಿನ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರದೆ ತಯಾರಿಕೆ ತಿಂಗಳುಗಟ್ಟಲೆ ಕುಂಟಿತು. ಅದೇ ಹೊತ್ತಿಗೆ ಫೋರ್ಡ್ ಮತ್ತು ಷೆವರ್ಲೆ ನಡುವೆ ಬೆಲೆ ಇಳಿಸುವ ಪೈಪೋಟಿ ಶುರುವಾಯಿತು. ಹಳೆಯ ಬಹುಮಹಡಿ ಕಾರ್ಖಾನೆ, ಮುಷ್ಕರ ತಪ್ಪಿಸಲು ಒಪ್ಪಿಕೊಂಡಿದ್ದ ದುಬಾರಿ ಸಂಬಳ, ಇವೆರಡನ್ನೂ ಹೊತ್ತ ಸ್ಟುಡಿಬೇಕರ್‌ಗೆ ಆ ಪೈಪೋಟಿಯಲ್ಲಿ ತಾಳಿಕೊಳ್ಳುವ ಶಕ್ತಿ ಇರಲಿಲ್ಲ.

1954ರಲ್ಲಿ ಐಷಾರಾಮಿ ಕಾರುಗಳ ಪ್ಯಾಕರ್ಡ್ ಕಂಪನಿ ಸ್ಟುಡಿಬೇಕರನ್ನು ಕೊಂಡಿತು. ನಷ್ಟವಿಲ್ಲದೆ ನಡೆಯಲು ವರ್ಷಕ್ಕೆ ಎಷ್ಟು ಕಾರು ಮಾರಬೇಕು ಎಂಬ ಲೆಕ್ಕ ತಾವು ಅಂದುಕೊಂಡದ್ದಕ್ಕಿಂತ ತುಂಬ ಹೆಚ್ಚು ಎಂದು ಪ್ಯಾಕರ್ಡ್ ಆಡಳಿತಕ್ಕೆ ತಿಳಿದದ್ದು ಒಪ್ಪಂದ ಮುಗಿದ ಮೇಲೆ. ಕೊಂಡವರೇ ಮೊದಲು ಹೋದರು; ಪ್ಯಾಕರ್ಡ್ ಹೆಸರು 1958ಕ್ಕೆ ಅಳಿಯಿತು. 1959ರ ಪುಟ್ಟ ‘ಲಾರ್ಕ್’ ಸ್ವಲ್ಪ ಕಾಲ ಲಾಭ ತಂದಿತು. 1962ರಲ್ಲಿ ಬಂದ ‘ಅವಾಂತಿ’ ಫೈಬರ್ ಗ್ಲಾಸ್ ಮೈಯ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದ ವೇಗದ ಕಾರು. ಲೋವಿ ಅದನ್ನು ತನ್ನ ಸಣ್ಣ ತಂಡದೊಂದಿಗೆ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಕೆಲವೇ ವಾರಗಳಲ್ಲಿ ರೂಪಿಸಿದ್ದ. ಕಂಪನಿ ಕೈಬಿಟ್ಟ ಮೇಲೂ ಬೇರೆಯವರು ದಶಕಗಳ ಕಾಲ ಅದನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿದರು.

1963ರ ಡಿಸೆಂಬರ್ 9ರಂದು ಸೌತ್ ಬೆಂಡ್ ಕಾರ್ಖಾನೆ ಮುಚ್ಚುವ ಘೋಷಣೆ ಬಂತು. ಕ್ರಿಸ್‌ಮಸ್‌ಗೆ ಮೊದಲೇ ಕೊನೆಯ ಕಾರು ಹೊರಬಿತ್ತು. ಕೆನಡಾದ ಹ್ಯಾಮಿಲ್ಟನ್ ಘಟಕ 1966ರ ಮಾರ್ಚ್‌ವರೆಗೆ ನಡೆಯಿತು, ಅದೂ ಜನರಲ್ ಮೋಟಾರ್ಸ್ ಬಳಗದಿಂದ ಕೊಂಡ ಎಂಜಿನ್ನುಗಳೊಂದಿಗೆ. ಅಲ್ಲಿ ತಯಾರಾದ ಕೊನೆಯ ಕಾರು ಈಗ ಸೌತ್ ಬೆಂಡ್‌ನ ಸ್ಟುಡಿಬೇಕರ್ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.

ಮುಚ್ಚುವಿಕೆಯ ನಿಜವಾದ ಪೆಟ್ಟು ಬಿದ್ದದ್ದು ನೌಕರರ ಪಿಂಚಣಿಯ ಮೇಲೆ. ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದದಂತೆ ಹಿಂದಿನ ಸೇವೆಗೂ ಪಿಂಚಣಿ ಸಲ್ಲಬೇಕಿತ್ತು, ಅದಕ್ಕೆ ತಕ್ಕ ಹಣವನ್ನು ದಶಕಗಳ ಕಾಲ ಸ್ವಲ್ಪ ಸ್ವಲ್ಪವಾಗಿ ತುಂಬಬೇಕಿತ್ತು. ನಿಧಿ ತುಂಬುವ ಮೊದಲೇ ಕಾರ್ಖಾನೆ ಹೋಯಿತು. ನಿವೃತ್ತರಿಗೆ ಮತ್ತು 60 ದಾಟಿದ ಅರ್ಹರಿಗೆ, ಒಟ್ಟು ಸುಮಾರು 3,600 ಮಂದಿಗೆ, ಪೂರ್ತಿ ಪಿಂಚಣಿ ಸಿಕ್ಕಿತು. 40ರಿಂದ 59 ವಯಸ್ಸಿನ ಸುಮಾರು 4,000 ಮಂದಿಗೆ ಸಿಕ್ಕಿದ್ದು ಬರಬೇಕಾದುದರ ನೂರಕ್ಕೆ 15ರಷ್ಟು, ಅದೂ ಒಂದೇ ಇಡಿಗಂಟು. ಇನ್ನೂ ಕಿರಿಯರಿಗೆ ಏನೂ ಇಲ್ಲ. ಕಂಪನಿ ಕಾನೂನು ಮುರಿದಿರಲಿಲ್ಲ. ಮುರಿಯುವುದಕ್ಕೆ ಅಂಥ ಕಾನೂನೇ ಇರಲಿಲ್ಲ. ಸಂಬಳದ ಹೆಚ್ಚಳ ಬಿಟ್ಟುಕೊಟ್ಟು ಮುಪ್ಪಿಗೆಂದು ಚೌಕಾಸಿ ಮಾಡಿ ಪಡೆದದ್ದು ಹೀಗೆ ಕರಗಿದ್ದು ಘೋರ ಅನ್ಯಾಯ.

ಈ ಪ್ರಕರಣವನ್ನು ಕಾರ್ಮಿಕ ನಾಯಕರು, ಪತ್ರಿಕೆಗಳು, ಸೆನೆಟರ್ ಜೇಕಬ್ ಜಾವಿಟ್ಸ್ ಅವರಂಥ ಶಾಸಕರು ಹತ್ತು ವರ್ಷ ಮರೆಯಗೊಡಲಿಲ್ಲ. 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕ ದಿನದಂದು, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನೌಕರರ ನಿವೃತ್ತಿ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಖಾಸಗಿ ಕಂಪನಿಗಳು ಪಿಂಚಣಿ ನಿಧಿಗೆ ತುಂಬಲೇಬೇಕಾದ ಹಣವನ್ನು ಅದು ನಿಗದಿ ಮಾಡಿತು. ನಿಧಿ ಕುಸಿದರೆ ಒಂದು ಮಿತಿಯವರೆಗೆ ಪಿಂಚಣಿ ಭರಿಸಲು ವಿಮಾ ನಿಗಮವೊಂದನ್ನು ಸ್ಥಾಪಿಸಿತು. ಪೂರ್ವಾನ್ವಯವಿಲ್ಲದ ಆ ಕಾಯ್ದೆಯಿಂದ ಸೌತ್ ಬೆಂಡ್‌ನ ನೌಕರರಿಗೆ ಮಾತ್ರ ಏನೂ ದಕ್ಕಲಿಲ್ಲ.