ಮೈಕೆಲ್ ವೆಸ್ಟರೂ ಬಂಗಾಳದ ಶಾಲೆಗಳ ಇಂಗ್ಲಿಷು ವ್ಯಾಸಂಗವೂ

ಪರಭಾಷೆಯ ಕಲಿಕೆಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಬೋಧನಾ ಪದ್ಧತಿಗಳ ಚರಿತ್ರೆಯನ್ನೇ ಬರೆದಿದ್ದಾರೆ. ವ್ಯಾಕರಣ-ಭಾಷಾಂತರ ಪದ್ಧತಿ ಹಿಂದೆ ಸರಿದು ಪ್ರತ್ಯಕ್ಷ ಪದ್ಧತಿ ಬಂದಿತು, ಅದು ಹೋಗಿ ಇನ್ನೊಂದು ಬಂದಿತು ಎಂಬ ನಿರೂಪಣೆಯಲ್ಲಿ ಕಲಿಯುವ ಹುಡುಗನು ಕಾಣಿಸಿಕೊಳ್ಳುವುದು ಅಪರೂಪ. ಅವನು ಎಷ್ಟು ವರ್ಷ ಶಾಲೆಯಲ್ಲಿದ್ದನು, ಶಾಲೆಯನ್ನು ಬಿಟ್ಟ ದಿನ ಅವನಲ್ಲಿ ಉಳಿದಿದ್ದ ಇಂಗ್ಲಿಷು ಎಷ್ಟು ಎಂಬ ಪ್ರಶ್ನೆಗಳಿಂದಲೇ ಹೊರಟವರಲ್ಲಿ ಮೈಕೆಲ್ ವೆಸ್ಟರು ಮುಖ್ಯರು. ಪ್ರಕೃತ ಲೇಖನದಲ್ಲಿ ಅವರ ಪ್ರಯತ್ನವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸುತ್ತೇವೆ.

1888ರಲ್ಲಿ ಜನಿಸಿದ ವೆಸ್ಟರು ಇಂಡಿಯನ್ ಎಜುಕೇಷನಲ್ ಸರ್ವಿಸ್‌ಗೆ ಸೇರಿ, 1920ರ ದಶಕದಲ್ಲಿ ಢಾಕಾದ ಉಪಾಧ್ಯಾಯ ಶಿಕ್ಷಣ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ಅವರ ಗ್ರಂಥ 1926ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು. ಆ ಕಾಲದ ಪಾಠಕ್ರಮವು ಮೆಟ್ರಿಕ್ಯುಲೇಷನ್ನಿನವರೆಗೆ ತಲುಪುವ ಕೆಲವರನ್ನು ಉದ್ದೇಶಿಸಿ ರಚಿತವಾಗಿದ್ದಿತು. ನಡುವೆ ಬಿಟ್ಟುಹೋಗುವ ಬಹುಮಂದಿಗೆ ಅದರಿಂದ ದಕ್ಕುತ್ತಿದ್ದುದು ಅಷ್ಟಕ್ಕಷ್ಟೇ. ಮೂರು ವರ್ಷ ಇಂಗ್ಲಿಷು ಕಲಿತವನು ಒಂದು ಪುಟವನ್ನು ತಾನಾಗಿ ಓದಲಾರ, ಒಂದು ವಾಕ್ಯವನ್ನು ತಾನಾಗಿ ನುಡಿಯಲಾರ. ಇಲ್ಲಿ ವೆಸ್ಟರು ವಿಮಾ ವ್ಯವಹಾರದಿಂದ ಒಂದು ಮಾತನ್ನು ಎರವಲು ತಂದರು: ‘ಸರೆಂಡರ್ ವ್ಯಾಲ್ಯೂ’. ವಿಮೆಯನ್ನು ಅರ್ಧದಲ್ಲಿ ಬಿಟ್ಟವನಿಗೂ ಕಟ್ಟಿದ ಹಣದಲ್ಲಿ ಇಷ್ಟು ಹಿಂದಿರುಗುವುದುಂಟು. ಹಾಗೆಯೇ ಕಲಿಕೆಯನ್ನು ಯಾವ ಹಂತದಲ್ಲಿ ನಿಲ್ಲಿಸಿದರೂ ಕಲಿತವನ ಕೈಗೆ ಏನಾದರೂ ಬರಬೇಕು. ಈ ಅಳತೆಗೋಲಿನಿಂದ ನೋಡಿದಾಗ ಮಾತು, ಬರವಣಿಗೆಗಳಿಗಿಂತ ಓದುವಿಕೆಯೇ ಮೊದಲು ಬರಬೇಕೆಂದು ಅವರಿಗೆ ತೋರಿತು. ಅದು ಬೇಗ ಕೈಗೂಡುವುದು. ತಾನೇ ಸರಾಗವಾಗಿ ಇಂಗ್ಲಿಷು ಮಾತನಾಡಲಾರದ ಉಪಾಧ್ಯಾಯನೂ ಅದನ್ನು ಕಲಿಸಬಲ್ಲನು.

ಆದರೆ ಓದಲು ತಕ್ಕ ಪುಸ್ತಕಗಳೆಲ್ಲಿದ್ದುವು? ಬಳಕೆಯಲ್ಲಿದ್ದ ವಾಚಕಗಳನ್ನು ಪರೀಕ್ಷಿಸಿದಾಗ ಅವರಿಗೆ ಎರಡು ದೋಷಗಳು ಕಂಡುಬಂದುವು. ‘ಐಲೆಂಡ್’ ಎನ್ನಬೇಕಾದಲ್ಲಿ ‘ಐಲ್’, ‘ಸೀ’ ಎನ್ನಬೇಕಾದಲ್ಲಿ ‘ಬಿಹೋಲ್ಡ್’, ‘ಬಿಫೋರ್’ ಎನ್ನಬೇಕಾದಲ್ಲಿ ‘ಎರ್’ ಎಂಬಂತಹ ಅಪರೂಪದ ಕಾವ್ಯಪದಗಳು ತುಂಬಿದ್ದುವು. ಎರಡನೆಯದು ಇದಕ್ಕಿಂತ ಗುರುತರವಾದುದು: ಹೊಸ ಪದಗಳು ಒಂದರ ಮೇಲೊಂದು ದಟ್ಟವಾಗಿ ಬರುತ್ತಿದ್ದುವು. ಹೆಜ್ಜೆಹೆಜ್ಜೆಗೂ ಎಡವುವವನಿಗೆ ಓದು ಸಾಗುವುದಿಲ್ಲ. ಉಪಾಧ್ಯಾಯನು ಅರ್ಥ ಹೇಳಬೇಕು, ವಿದ್ಯಾರ್ಥಿಯು ಅದನ್ನು ಉರುಹೊಡೆಯಬೇಕು. ನಮ್ಮ ಶಾಲೆಗಳಲ್ಲಿ ಓದಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ವೆಸ್ಟರು ಅಪರೂಪದ ಪದಗಳನ್ನು ತೆಗೆದು ಬಳಕೆಯ ಪದಗಳನ್ನಿಟ್ಟರು. ಹೊಸ ಪದಗಳನ್ನು ವಿರಳವಾಗಿ ಹಂಚಿ, ಬಂದ ಪದವು ಮತ್ತೆ ಮತ್ತೆ ಬರುವಂತೆ ಮಾಡಿದರು. ಅವರ ‘ನ್ಯೂ ಮೆಥಡ್’ ವಾಚಕಗಳು ಹುಟ್ಟಿದುದು ಹೀಗೆ. 1935ರಲ್ಲಿ ಜೇಮ್ಸ್ ಎಂಡಿಕಟ್ಟರೊಡನೆ ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದ, ಪದಪ್ರಯೋಗಗಳನ್ನು ಕೇವಲ 1,490 ಪದಗಳಿಂದ ವಿವರಿಸಿದರು. ಶಾಲೆಯನ್ನು ಬಿಟ್ಟವನು ಉಪಾಧ್ಯಾಯನ ನೆರವಿಲ್ಲದೆ ಓದನ್ನು ಮುಂದುವರಿಸಲು ಇಂತಹ ನಿಘಂಟು ಎಷ್ಟು ಸಹಾಯಕವೆಂಬುದು ಸ್ಪಷ್ಟ.

ಇದೇ ಕಾಲದಲ್ಲಿ, 1922ರಿಂದ 1936ರವರೆಗೆ ಜಪಾನಿನಲ್ಲಿದ್ದ ಹೆರಾಲ್ಡ್ ಪಾಮರರು ಮಾತಿಗೇ ಮೊದಲ ಸ್ಥಾನವೆಂದು ವಾದಿಸಿದರು. ಇಬ್ಬರ ಭಿನ್ನಾಭಿಪ್ರಾಯವನ್ನು ಇಲ್ಲಿ ಬೆಳೆಸುವುದಿಲ್ಲ. ನಮ್ಮ ಆಕ್ಷೇಪ ಬೇರೆಯದು. ಬಂಗಾಳದ ಹುಡುಗನಿಗೆ ಇಂಗ್ಲಿಷು ಜ್ಞಾನಾರ್ಜನೆಯ ಸಾಧನವೆಂದು ವೆಸ್ಟರು ಭಾವಿಸಿದರು. ಅವನನ್ನು ಶಾಲೆಗೆ ಕಳುಹಿಸಿದ ತಂದೆಗೆ ಅದು ನೌಕರಿಯ ಸಾಧನವಾಗಿದ್ದಿತು. ಆಳುವವರ ಭಾಷೆಯನ್ನು ಓದಬಲ್ಲವನಿಗೂ ಆಡಬಲ್ಲವನಿಗೂ ಕಚೇರಿಯ ಬಾಗಿಲಲ್ಲಿ ಇದ್ದ ಅಂತರವು ಅಧಿಕಾರಿಯಾಗಿದ್ದ ವೆಸ್ಟರ ಲೆಕ್ಕಕ್ಕೆ ಪೂರ್ತಿಯಾಗಿ ಬಂದಂತೆ ಕಾಣುವುದಿಲ್ಲ.

ಆದರೂ ಅವರು ಮಾತನ್ನು ತೀರ ಕೈಬಿಟ್ಟವರೆಂದು ಹೇಳುವುದು ಅನ್ಯಾಯವಾದೀತು. ಕಿಕ್ಕಿರಿದ ತರಗತಿಗಳನ್ನು ಗಮನದಲ್ಲಿಟ್ಟು 1960ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಸರಳವಾದೊಂದು ಅಭ್ಯಾಸ ಸಿಕ್ಕುತ್ತದೆ: ವಿದ್ಯಾರ್ಥಿಯು ಪುಸ್ತಕದ ಒಂದು ಪದಸಮುಚ್ಚಯವನ್ನು ಮೌನವಾಗಿ ಓದಿಕೊಂಡು, ತಲೆಯೆತ್ತಿ, ಎದುರಿನವನ ಮುಖ ನೋಡುತ್ತ ಅದನ್ನು ನುಡಿಯಬೇಕು. ಪುಟದಿಂದ ಮುಖಕ್ಕೆ ಬರುವಷ್ಟು ಹೊತ್ತು ಆ ಮಾತು ಅವನ ಮನಸ್ಸಿನಲ್ಲಿ ನಿಲ್ಲಬೇಕಾಗುತ್ತದೆ. ಬರಿಯ ಗಟ್ಟಿ ಓದಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಅದು ಸಣ್ಣದಲ್ಲ.

ಪದಗಳನ್ನು ಎಣಿಸಿ, ಆರಿಸಿ, ಸರದಿಯಲ್ಲಿಡುವ ಈ ಮಾರ್ಗವು ಮುಂದೆ ವಾಕ್ಯರಚನೆಗಳಿಗೂ ಅನ್ವಯವಾಗಿ, 1950ರ ದಶಕದಿಂದ ದಕ್ಷಿಣ ಭಾರತದ ಶಾಲೆಗಳಲ್ಲಿ ಹರಡಿತು. ಅದನ್ನು ಪ್ರಶ್ನಿಸಿದ ಪ್ರಯೋಗಕ್ಕೆ ಬೆಂಗಳೂರಿನ ಹೆಸರೇ ನಿಂತಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಕೆಲವು ಶಾಲೆಗಳಲ್ಲಿ ಇಂತಹ ಪಟ್ಟಿಗಳನ್ನೆಲ್ಲ ಬದಿಗಿರಿಸಿ, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಇಟ್ಟು ಪ್ರಶ್ನೆ ಕೇಳಿದರು. ಮನಸ್ಸು ವಿಷಯದ ಮೇಲಿದ್ದಾಗ ಭಾಷೆ ತಾನಾಗಿ ನೆಲೆಗೊಳ್ಳುವುದೆಂಬುದು ಅವರ ನಂಬಿಕೆ. ಪಟ್ಟಿಯ ವಿಚಾರದಲ್ಲಿ ವೆಸ್ಟರಿಗೆ ವಿರುದ್ಧವಾದ ಈ ಮಾರ್ಗವು ಅರ್ಥವನ್ನು ಮುಂದಿಡುವುದರಲ್ಲಿ ಅವರಿಗೆ ಸಮೀಪವಾದುದೆಂದೇ ನಾವು ತಿಳಿಯುತ್ತೇವೆ. ಪ್ರಯೋಗದ ಫಲವನ್ನು ಅಳೆದವರು ಎಚ್ಚರದಿಂದಲೇ ಅನುಕೂಲವಾದ ಅಭಿಪ್ರಾಯವನ್ನು ಕೊಟ್ಟರು. ಅವರು ಪರೀಕ್ಷಿಸಿದುದು ತರಗತಿಯಲ್ಲಿ ಕುಳಿತಿದ್ದ ಮಕ್ಕಳನ್ನು. ವೆಸ್ಟರು ಕೇಳಿದುದು ತರಗತಿಯಿಂದ ಎದ್ದುಹೋದವರ ವಿಷಯವನ್ನು.