ಗಾಲೆಯ ಚರಂಡಿ ಕಲ್ಲು

ಕಳುದ ರಜೆಲಿ ಮಗಳು-ಅಳಿಯನೊಟ್ಟಿಂಗೆ ಶ್ರೀಲಂಕಗೆ ಹೋಗಿತ್ತಿದ್ದೆಯೊ°. ಲಂಕೆ ಹೇಳಿದರೆ ನವಗೆ ರಾವಣ, ಅಶೋಕವನ, ಅಷ್ಟೇ ಅಲ್ಲದೋ? ಆನೂ ಅದನ್ನೇ ತಲೆಲಿ ಮಡಿಕ್ಕೊಂಡು ಹೋದ್ದು. ಬಪ್ಪಗ ತಲೆಲಿ ಒಳುದ್ದು ಮಾಂತ್ರ ಒಂದು ಕಲ್ಲು.

ಕೊಲಂಬೊದ ಮ್ಯೂಸಿಯಂ 1877ರಲ್ಲಿ ಸುರುವಾದ್ದಡ, ದೊಡ್ಡ ಬೆಳಿ ಕಟ್ಟೋಣ. ಎಂಗಳ ಯಜಮಾನ್ರು ಕಾಲುಬೇನೆ ಹೇಳಿ ಬೆಂಚಿಲಿ ಕೂದವು. ಒಳ ಒಂದು ಶಿಲಾಶಾಸನ ಇದ್ದು. ಎನ್ನ ಹೆಗಲಿನಷ್ಟು ಎತ್ತರ, ಮೇಗೆ ಡ್ರ್ಯಾಗನ್ ಕೆತ್ತಿದ್ದವು. ಒಂದೇ ಕಲ್ಲಿಲಿ ಚೀನೀ, ತಮಿಳು, ಪರ್ಷಿಯನ್ ಮೂರು ಭಾಷೆ! ಮಗಳು ಬೋರ್ಡು ಓದಿ ಹೇಳಿತ್ತು.

ಚೀನಾದ ಮಿಂಗ್ ಚಕ್ರವರ್ತಿಯ ನೌಕಾಧಿಪತಿ ಝೆಂಗ್ ಹೆ ತಂದ ಕಲ್ಲು ಇದು. ಇಸವಿ 1409. ಅವ° ಹುಟ್ಟಿದ್ದು ಮುಸ್ಲಿಂ ಮನೆಲಿ. ಚೀನೀ ಅಕ್ಷರಲ್ಲಿ ಬುದ್ಧಂಗೆ ಕಾಣಿಕೆ ಬರದ್ದವು. ತಮಿಳಿಲಿ ತೇನವರೈ ನಾಯನಾರಿಂಗೆ, ಹೇಳಿದರೆ ವಿಷ್ಣುವಿಂಗೆ. ಪರ್ಷಿಯನ್‌ಲಿ ಅಲ್ಲಾನ ಹೆಸರಿಲಿ. ಆ ಭಾಗ ಸುಮಾರು ಅಳುದ್ದು. ಮೂವರಿಂಗೂ ಹೆಚ್ಚುಕಮ್ಮಿ ಒಂದೇ ಲೆಕ್ಕ. ಚಿನ್ನ 1000, ಬೆಳ್ಳಿ 5000, ರೇಷ್ಮೆ, ಗಂಧ, ಮತ್ತೆ 2500 ಕ್ಯಾಟಿ ಪರಿಮಳದ ಎಣ್ಣೆ. ಕ್ಯಾಟಿ ಹೇಳಿದರೆ ಸುಮಾರು 600 ಗ್ರಾಂ, ಅಂಬಗ ಒಂದೂವರೆ ಟನ್ನು ಎಣ್ಣೆ ಆತು! ಎನಗೆ ದೀಪದ ಎಣ್ಣೆ ಲೀಟರಿಂಗೆ ಎಷ್ಟು ಹೇಳುದೇ ಮದಲು ನೆಂಪಾದ್ದು.

ಮಕ್ಕೊಗೆ ಜಗಳ ಬಾರದ್ದ ಹಾಂಗೆ ಒಂದೇ ಅಳತೆಲಿ ಬಳುಸಿದ ಹಾಂಗೆ ಇಲ್ಲೆಯೋ ಇದು? ಭಕ್ತಿಯೋ, ಬಂದರಿನ ವ್ಯಾಪಾರಿಗಳ ಸಮಾಧಾನ ಮಾಡ್ಲೋ? ಎರಡೂ ಇಕ್ಕು. ಎಂತಕೆ ಹೇಳಿದರೆ ಎರಡು ವರ್ಷ ಕಳುದು, 1411ರ ಹೊತ್ತಿಂಗೆ, ಇದೇ ಝೆಂಗ್ ಹೆ ಲಂಕೆಯ ಅಳಕೇಶ್ವರನ ಯುದ್ಧಲ್ಲಿ ಹಿಡುದು ಚೀನಾಕ್ಕೆ ಕೊಂಡೋದ°. ಎಣ್ಣೆ ಕೊಟ್ಟ ಕೈಯೇ! ಆ ವಿಷ್ಣುವಿನ ದೇವಸ್ಥಾನ ದಕ್ಷಿಣದ ತುದಿಯ ದೇವಿನುವರಲ್ಲಿ ಇದ್ದದು. 1588ರಲ್ಲಿ ಪೋರ್ಚುಗೀಸರು ಅದರ ಹಾಳು ಮಾಡಿದವು.

ಕಲ್ಲು ಸಿಕ್ಕಿದ್ದು 1911ರಲ್ಲಿ, ಗಾಲೆ ಪೇಟೆಲಿ. ಎಲ್ಲಿ ಹೇಳಿ ಗೊಂತಿದ್ದೋ? ಚರಂಡಿಯ ಮೇಗೆ ಹಾಸಿದ ಚಪ್ಪಡಿ ಆಗಿತ್ತಡ!

ಅಲ್ಲಿ ಅಳಿಯ° ನೆಗೆಮಾಡಿದ°. ಎನಗೆ ನೆಗೆ ಬಯಿಂದಿಲ್ಲೆ. ಎಂಗಳ ಹಳೆಮನೆ ಜಾಲಿಲಿ ಅಕ್ಷರದ ಹಾಂಗೆ ಗೀಟು ಇಪ್ಪ ಒಂದು ಕಲ್ಲು ಇದ್ದತ್ತು. ಅತ್ತೆಯೋರು ಒಂದು ದಿನವೂ ಅದರ ಮೇಗೆ ವಸ್ತ್ರ ಒಗವಲೆ ಬಿಟ್ಟಿದವಿಲ್ಲೆ. ಎಂತಕೆ ಹೇಳಿ ಕೇಳಿದರೆ "ಹಿರಿಯರು ಮಡಗಿದ್ದು" ಹೇಳುಗು, ಅಷ್ಟೇ. ಅವು ತೀರಿಹೋದ ಮತ್ತೆ ಮನೆ ಹೊಸತ್ತು ಮಾಡುವಗ ಮೇಸ್ತ್ರಿ "ಇದರ ಎಂತ ಮಾಡೆಕ್ಕು ಅಕ್ಕಾ?" ಕೇಳಿದ°. ಬಚ್ಚಲ ನೀರು ಹೋಪ ಕಣಿಗೆ ಹಾಕು ಹೇಳಿ ಹೇಳಿದ್ದು ಆನೇ. ಈಗ ಮೇಗಂದ ಸಿಮೆಂಟು.

ಮ್ಯೂಸಿಯಮಿಂದ ಹೆರ ಬಂದು ಯಜಮಾನ್ರ ಹತ್ತರೆ ಹೇಳಿದೆ. ಅವು ರಜ್ಜ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ, "ಅಪ್ಪ° ಅದಕ್ಕೆ ದೀಪಾವಳಿಗೆ ಹೂಗು ಮಡುಗಿಂಡಿತ್ತವು" ಹೇಳಿದವು. ಇಷ್ಟು ವರ್ಷಲ್ಲಿ ಎನ್ನತ್ರೆ ಈ ಶುದ್ದಿ ಹೇಳಿದ್ದವೇ ಇಲ್ಲೆ!

ಅಡಕ್ಕೆ ಕೊಟ್ಟಿಕ್ಕಿ ಸಿಮೆಂಟು ಒಡೆಶುವ° ಹೇಳಿದ್ದವು. ಮೇಸ್ತ್ರಿಗೆ ಫೋನು ಮಾಡಿದ್ದೆ, ಬಪ್ಪ ವಾರ ಬಂದು ನೋಡ್ತಡ.