ಆಟದ ಮೈದಾನಕ್ಕೂ ಬೇಲಿ ಹಾಕಿದ್ದರು!

ಒಲಿಂಪಿಕ್ಸ್ ಶುರುವಾದರೆ ಸಾಕು, ಟಿವಿ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಬಂದು ಕೂತುಬಿಡುತ್ತೆ. ಚಿನ್ನ ಎಷ್ಟು, ಬೆಳ್ಳಿ ಎಷ್ಟು, ಕಂಚು ಎಷ್ಟು, ಭಾರತಕ್ಕೆ ಎಷ್ಟನೇ ಸ್ಥಾನ. ನೂರ ನಲವತ್ತು ಕೋಟಿ ಜನರ ದೇಶಕ್ಕೆ ಇಷ್ಟೇನಾ ಮೆಡಲ್ಲು ಅಂತ ಎರಡು ವಾರ ಚರ್ಚೆ. ಇವತ್ತು ನಾನು ಬೇರೆ ಲೆಕ್ಕ ಕೇಳ್ತೀನಿ. ಈ ನೂರ ನಲವತ್ತು ಕೋಟಿಯಲ್ಲಿ ಕಳೆದ ಒಂದು ವರ್ಷದಲ್ಲಿ ಮೈದಾನಕ್ಕೆ ಇಳಿದು ಆಡಿದವರು ಎಷ್ಟು ಜನ? ಅದರಲ್ಲಿ ನಲವತ್ತು ದಾಟಿದವರು ಎಷ್ಟು? ಅಮ್ಮಂದಿರು ಎಷ್ಟು? ಅಜ್ಜಂದಿರು ಎಷ್ಟು? ಈ ಲೆಕ್ಕ ಯಾವ ಪರದೆಯ ಮೂಲೆಯಲ್ಲೂ ಬರಲ್ಲ.

ಅಮೆರಿಕದ ನಟ್ಟನಡುವೆ ನೆಬ್ರಾಸ್ಕ ಅಂತ ಒಂದು ರಾಜ್ಯ ಇದೆ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಅಲ್ಲಿಯ ಜನಕ್ಕೆ ಅಡ್ಡಹೆಸರೇ ಕಾರ್ನ್‌ಹಸ್ಕರ್, ಅಂದರೆ ಜೋಳದ ತೆನೆ ಸುಲಿಯುವವರು ಅಂತ. ಆ ರಾಜ್ಯದಲ್ಲಿ 1985ರಲ್ಲಿ ಕಾರ್ನ್‌ಹಸ್ಕರ್ ಸ್ಟೇಟ್ ಗೇಮ್ಸ್ ಅಂತ ಒಂದು ಕ್ರೀಡಾಕೂಟ ಶುರುವಾಯ್ತು. ಥೇಟ್ ಒಲಿಂಪಿಕ್ಸ್ ಥರ ಜ್ಯೋತಿ ಇದೆ, ಮೆರವಣಿಗೆ ಇದೆ, ಚಿನ್ನ-ಬೆಳ್ಳಿ-ಕಂಚಿನ ಪದಕ ಇದೆ. ವ್ಯತ್ಯಾಸ ಇರೋದು ಆಟಗಾರರಲ್ಲಿ. ಸ್ಕೂಲ್ ಹುಡುಗನಿಂದ ಹಿಡಿದು ನಿವೃತ್ತಿಯಾದ ಅಜ್ಜನವರೆಗೆ ಯಾರು ಬೇಕಾದರೂ ಹೆಸರು ಕೊಡಬಹುದು. ಓಟ, ಈಜು ಇರುತ್ತೆ. ಒಂದು ಕಡೆ ಬಿಲ್ಲು ಹಿಡಿದು ಗುರಿ ಇಡೋರು, ಇನ್ನೊಂದು ಕಡೆ ಮೇಜಿನ ಮೇಲೆ ಮೊಣಕೈ ಊರಿ ಪಂಜಾ ಕುಸ್ತಿ ಆಡೋರು! ಯಾರಿಗೂ ಸಂಬಳ ಇಲ್ಲ, ಸರ್ಕಾರಿ ಕೆಲಸದ ಆಸೆಯಿಲ್ಲ, ಜಾಹೀರಾತಿನ ಕಾಂಟ್ರಾಕ್ಟ್ ಇಲ್ಲ. ಸೋಮವಾರ ಬೆಳಿಗ್ಗೆ ಎಲ್ಲರೂ ಅವರವರ ಕೆಲಸಕ್ಕೆ.

ಇದರಲ್ಲೇನು ವಿಶೇಷ, ನಮ್ಮೂರ ಗಣಪತಿ ಹಬ್ಬದಲ್ಲೂ ಹಗ್ಗಜಗ್ಗಾಟ ಇರುತ್ತಲ್ಲ ಅಂತೀರಾ? ವಿಶೇಷ ಇದೆ. ಇಂಥ ಕೂಟದ ಹಿಂದೆ ನೂರೈವತ್ತು ವರ್ಷಗಳ ಒಂದು ಜಗಳ ಇದೆ. ಆಟ ಯಾರ ಸೊತ್ತು ಅನ್ನೋ ಜಗಳ.

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಮಚ್ ವೆನ್‌ಲಾಕ್ ಅನ್ನೋ ಪುಟ್ಟ ಊರಿದೆ. ಅಲ್ಲೊಬ್ಬ ವೈದ್ಯ ಇದ್ದರು, ಹೆಸರು ವಿಲಿಯಂ ಪೆನ್ನಿ ಬ್ರೂಕ್ಸ್, ಹುಟ್ಟಿದ್ದು 1809ರಲ್ಲಿ. ಊರಿನ ಕೂಲಿಕಾರರ ಮೈಗೂ ಮನಸ್ಸಿಗೂ ಕಸುವು ಬೇಕು ಅನ್ನೋದು ಆ ಡಾಕ್ಟರ ನಂಬಿಕೆ. ಮೊದಲು ರೈತರಿಗೋಸ್ಕರ ಓದುವ ಸಂಘ ಕಟ್ಟಿದರು. ಆಮೇಲೆ 1850ರ ಫೆಬ್ರವರಿಯಲ್ಲಿ ಒಲಿಂಪಿಯನ್ ಕ್ಲಾಸ್ ಅಂತ ಶುರು ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಕ್ರೀಡಾಕೂಟ ನಡೆದೇಬಿಟ್ಟಿತು. ಓಟ, ಕ್ರಿಕೆಟ್, ಫುಟ್ಬಾಲ್ ಎಲ್ಲ ಇತ್ತು. ಜೊತೆಗೆ ತಮಾಷೆಯ ಪಂದ್ಯಗಳೂ ಇದ್ದವು. ಅಜ್ಜಿಯರಿಗೆ ಅಂತಲೇ ಒಂದು ಓಟ ಇಟ್ಟಿದ್ದರು, ಗೆದ್ದ ಅಜ್ಜಿಗೆ ಬಹುಮಾನ ಏನು ಗೊತ್ತಾ? ಒಂದು ಪೌಂಡ್ ಚಹಾ ಪುಡಿ!

ನಗಬೇಡಿ. ಇವತ್ತಿನ ಒಲಿಂಪಿಕ್ಸ್‌ನ ಬೇರು ಇರೋದು ಆ ಚಹಾ ಪುಡಿಯ ಓಟದಲ್ಲೇ. 1890ರಲ್ಲಿ ಫ್ರಾನ್ಸಿನಿಂದ ಪಿಯರ್ ದ ಕೂಬರ್ತಾ ಅನ್ನೋ ತರುಣ ಶ್ರೀಮಂತ ವೆನ್‌ಲಾಕ್‌ಗೆ ಬಂದ. ಎಂಬತ್ತು ದಾಟಿದ್ದ ಬ್ರೂಕ್ಸ್ ಆತನಿಗಾಗಿಯೇ ಕ್ರೀಡಾಕೂಟ ಏರ್ಪಡಿಸಿ ತೋರಿಸಿದರು. ವಾಪಸ್ ಹೋದ ಕೂಬರ್ತಾ, ಒಲಿಂಪಿಕ್ಸ್ ಇನ್ನೂ ಜೀವಂತ ಇದ್ದರೆ ಅದಕ್ಕೆ ಕಾರಣ ಗ್ರೀಕರಲ್ಲ, ಈ ಡಾಕ್ಟರ್ ಅನ್ನೋ ಅರ್ಥದಲ್ಲಿ ಬರೆದ. ಆರು ವರ್ಷದಲ್ಲಿ, 1896ರ ಏಪ್ರಿಲ್‌ನಲ್ಲಿ, ಅಥೆನ್ಸ್‌ನಲ್ಲಿ ಆಧುನಿಕ ಒಲಿಂಪಿಕ್ಸ್ ಶುರುವಾಯ್ತು. ಅದನ್ನು ಕಣ್ತುಂಬ ನೋಡುವ ಭಾಗ್ಯ ಬ್ರೂಕ್ಸ್‌ಗೆ ಇರಲಿಲ್ಲ. ಹಿಂದಿನ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನ ಒಂಟಿ ಕಣ್ಣಿನ ಗೊಂಬೆ ನೆನಪಿದೆಯಾ? ಅದರ ಹೆಸರು ವೆನ್‌ಲಾಕ್. ಆ ಹೆಸರು ಬಂದಿದ್ದು ಈ ಊರಿಂದ.

ಈಗ ಜಗಳಕ್ಕೆ ಬರೋಣ. ಬ್ರೂಕ್ಸ್ ಮತ್ತು ಗೆಳೆಯರು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ಮಟ್ಟದ ಕೂಟ ನಡೆಸಿದರು. ಮುಂದೆ ಕ್ರಿಕೆಟ್‌ನ ದಂತಕಥೆಯಾದ ಡಬ್ಲ್ಯು.ಜಿ. ಗ್ರೇಸ್ ಆಗಿನ್ನೂ 18ರ ಹುಡುಗ, ಹರ್ಡಲ್ಸ್ ಗೆದ್ದಿದ್ದು ಅಲ್ಲೇ. ದೊಡ್ಡ ಮನೆತನದ, ಆಕ್ಸ್‌ಫರ್ಡ್-ಕೇಂಬ್ರಿಡ್ಜ್‌ನ ಮಂದಿಗೆ ಇದು ಸಹಿಸಲಿಲ್ಲ. ಅದೇ ವರ್ಷ ಅವರದೇ ಒಂದು ಅಮೆಚೂರ್ ಅಥ್ಲೆಟಿಕ್ ಕ್ಲಬ್ ಹುಟ್ಟಿಕೊಂಡಿತು. ಅವರು ಮಾಡಿದ ನಿಯಮ ಕೇಳಿ: ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ, ಇವರ್ಯಾರೂ ಅಮೆಚೂರ್ ಅಲ್ಲ!

ಅಮೆಚೂರ್ ಅನ್ನೋ ಪದದ ಮೂಲ ಅರ್ಥ ಏನು ಗೊತ್ತಾ? ಪ್ರೀತಿಸುವವನು ಅಂತ. ಆಟದ ಮೇಲಿನ ಪ್ರೀತಿಗೆ ಆಡುವವನು ಅಮೆಚೂರ್. ಆದರೆ ಇವರ ಕಾನೂನಿನ ಪ್ರಕಾರ ಕೈಕೆಸರು ಮಾಡಿಕೊಂಡು ದುಡಿಯುವವನಿಗೆ ಆಟದ ಮೇಲೆ ಪ್ರೀತಿ ಇರೋದಕ್ಕೇ ಸಾಧ್ಯವಿಲ್ಲ. ಎಷ್ಟು ಚಂದದ ಪದವನ್ನು ಹೇಗೆ ಬೇಲಿ ಮಾಡಿಬಿಟ್ಟರು ನೋಡಿ. ನಮ್ಮ ದೇಶದಲ್ಲಿ ಬಾವಿಗೆ, ಗುಡಿಗೆ ಬೇಲಿ ಹಾಕಿದ್ದು ನಮಗೆ ಗೊತ್ತು. ಅಲ್ಲಿ ಮೈದಾನಕ್ಕೆ ಹಾಕಿದ್ದರು.

ಓಟದ ಪಂದ್ಯಗಳಲ್ಲಿ 1880ರ ಹೊತ್ತಿಗೆ ಆ ನಿಯಮ ಬಿದ್ದುಹೋಯ್ತು. ಆದರೆ ಥೇಮ್ಸ್ ನದಿಯ ಮೇಲಿನ ಹೆನ್ಲಿ ದೋಣಿ ಪಂದ್ಯದಲ್ಲಿ ಅದು 1930ರ ದಶಕದವರೆಗೂ ಉಳಿಯಿತು. ಬದುಕಿನಲ್ಲಿ ಒಮ್ಮೆ ಕೂಲಿಗೆ ಕೈಕೆಲಸ ಮಾಡಿದ್ದರೂ ಸಾಕು, ಅಲ್ಲಿ ಪ್ರವೇಶವಿಲ್ಲ. 1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಜಾನ್ ಕೆಲ್ಲಿ ಅರ್ಜಿ ಹಾಕಿದ. ಗಾರೆ ಕೆಲಸ ಮಾಡಿ, ಇಟ್ಟಿಗೆ ಕಟ್ಟಿ ಬೆಳೆದವನು. ಅರ್ಜಿ ತಿರಸ್ಕಾರವಾಯ್ತು. ಆತನ ಕ್ಲಬ್ಬಿನ ಮೇಲೂ ಹಳೇ ನಿಷೇಧ ಇತ್ತು ಅನ್ನಿ. ಆ ವರ್ಷ ಹೆನ್ಲಿಯಲ್ಲಿ ಗೆದ್ದವನು ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್. ಕೆಲವೇ ವಾರಗಳ ನಂತರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಗೆದ್ದವನು ಗಾರೆ ಕೆಲಸದ ಕೆಲ್ಲಿ! ಹಾಲಿವುಡ್ ತಾರೆ ಗ್ರೇಸ್ ಕೆಲ್ಲಿ ಇದ್ದಾರಲ್ಲ, ಮೊನಾಕೊದ ರಾಜಕುಮಾರಿಯಾದವರು, ಈ ಕೆಲ್ಲಿಯ ಮಗಳು.

ಅದೇ 1920ರ ಆಂಟ್‌ವರ್ಪ್‌ನಲ್ಲಿ ನಮ್ಮವನೂ ಒಬ್ಬ ಓಡಿದ್ದ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಮ್ಯಾರಥಾನ್‌ನಲ್ಲಿ 19ನೇ ಸ್ಥಾನ. ಆತ ಅಲ್ಲಿಗೆ ಹೋಗಿದ್ದರ ಹಿಂದೆ ಒಂದು ಕಥೆ ಇದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ದೊರಾಬ್ಜಿ ಟಾಟಾ ಬಂದಿದ್ದರು. ರೈತಾಪಿ ಜನ ಬರಿಗಾಲಲ್ಲಿ ಓಡ್ತಿದ್ದರು. ಅವರ ಓಟದ ಸಮಯ ನೋಡಿ ಟಾಟಾಗೆ ಅಚ್ಚರಿ, ಯುರೋಪಿನವರಿಗೆ ಹತ್ತಿರ ಹತ್ತಿರ ಇದೆಯಲ್ಲ ಅಂತ. ಭಾರತದ ತಂಡ ಆಂಟ್‌ವರ್ಪ್‌ಗೆ ಹೋಗೋದಕ್ಕೆ ಅದೇ ಕಾರಣವಾಯ್ತು, ಟಾಟಾರ ದುಡ್ಡು ನೆರವಾಯ್ತು. ಯೋಚನೆ ಮಾಡಿ. ಬರಿಗಾಲಿನವರಿಗೆ ಓಡೋದಕ್ಕೆ ಆ ಮೈದಾನದಲ್ಲಿ ಜಾಗವೇ ಇಲ್ಲದಿದ್ದರೆ ಟಾಟಾ ನೋಡೋದಾದರೂ ಯಾರನ್ನ?

ಬೇಲಿಗೆ ಬಲಿಯಾದವರ ಪಟ್ಟಿಯಲ್ಲಿ ಅತಿ ದೊಡ್ಡ ಹೆಸರು ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿ. 1912ರ ಸ್ಟಾಕ್‌ಹೋಮ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ. ಮರುವರ್ಷವೇ ಎರಡನ್ನೂ ಕಿತ್ತುಕೊಂಡರು. ಕಾರಣ? ಅದಕ್ಕೂ ಮೊದಲು ರಜೆ ದಿನಗಳಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದ. 1953ರಲ್ಲಿ ಥಾರ್ಪ್ ತೀರಿಹೋದ. 1982ರಲ್ಲಿ ಒಲಿಂಪಿಕ್ ಸಮಿತಿ ಪದಕ ವಾಪಸ್ ಕೊಡೋಣ ಅಂತು. ಆತನೊಬ್ಬನೇ ವಿಜೇತ ಅಂತ ಒಪ್ಪಿದ್ದು 2022ರಲ್ಲಿ. ನೂರಾಹತ್ತು ವರ್ಷ ಬೇಕಾಯ್ತು!

ಆಮೇಲೆ ಏನಾಯ್ತು? 1970ರ ದಶಕದಿಂದ ಒಲಿಂಪಿಕ್ಸ್‌ನಲ್ಲಿ ಅಮೆಚೂರ್ ನಿಯಮ ಸಡಿಲವಾಗ್ತಾ ಬಂತು. 1992ರ ಬಾರ್ಸಿಲೋನಾದಲ್ಲಿ ಕೋಟಿ ಕೋಟಿ ಎಣಿಸುವ ಅಮೆರಿಕದ ಬಾಸ್ಕೆಟ್‌ಬಾಲ್ ತಾರೆಯರೇ ಬಂದು ಆಡಿದರು. ಒಳ್ಳೇದೇ, ಸುಳ್ಳು ಮುಖವಾಡ ಕಳಚಿತು. ಆದರೆ ಹಳೇ ಬೇಲಿ ಹೋದ ಜಾಗದಲ್ಲಿ ಇನ್ನೊಂದು ಬೇಲಿ ಎದ್ದಿತು. ಈಗ ಒಳಗೆ ಹೋಗಬೇಕಾದರೆ ಹತ್ತು-ಹನ್ನೆರಡು ವರ್ಷಕ್ಕೇ ಕೋಚಿಂಗ್ ಸೇರಬೇಕು, ಮೂವತ್ತಕ್ಕೆ ರಿಟೈರ್ ಆಗಬೇಕು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯ ಚಿನ್ನ ಗೆದ್ದ ಕ್ವೀನಿ ನ್ಯೂವಾಲ್ ಅನ್ನೋ ಹೆಣ್ಣುಮಗಳಿಗೆ ಆಗ 53 ವರ್ಷ. ಇವತ್ತು 53 ವರ್ಷದ ನಮ್ಮಕ್ಕ ಬಿಲ್ಲು ಹಿಡಿದರೆ, ಮಂಡಿ ನೋವಿಗೆ ಡಾಕ್ಟರ್ ಹತ್ತಿರ ಹೋಗಮ್ಮ ಅಂತೀವಿ.

ಈ ಎರಡನೇ ಬೇಲಿಯ ಹೊರಗೆ ಉಳಿದವರಿಗೆ ಜಾಗ ಮಾಡಿದ್ದೇ ಸ್ಟೇಟ್ ಗೇಮ್ಸ್. ಮೊದಲನೆಯದು ನ್ಯೂಯಾರ್ಕ್ ರಾಜ್ಯದ ಎಂಪೈರ್ ಸ್ಟೇಟ್ ಗೇಮ್ಸ್, ಶುರುವಾಗಿದ್ದು 1978ರಲ್ಲಿ, ಸಿರಾಕ್ಯೂಸ್ ಊರಲ್ಲಿ. ಶಾಲಾ ಮಕ್ಕಳಿಗೆ ಒಂದು ವಿಭಾಗ, ದೊಡ್ಡವರಿಗೆ ಒಂದು, ವಯಸ್ಸಾದವರಿಗೆ ಇನ್ನೊಂದು. ಒಂದೊಂದೇ ರಾಜ್ಯ ಇದನ್ನು ನೋಡಿ ಶುರು ಮಾಡಿದವು. 1987ರಲ್ಲಿ ಹಿರಿಯರಿಗೇ ಅಂತ ರಾಷ್ಟ್ರಮಟ್ಟದ ಕೂಟ ಸೇಂಟ್ ಲೂಯಿಸ್‌ನಲ್ಲಿ ನಡೆಯಿತು. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಗಳಿಗೂ ಇಂಥ ಕೂಟಗಳಲ್ಲಿ ಜಾಗ ಸಿಕ್ಕಿತು. ಪಂಜಾ ಕುಸ್ತಿಯನ್ನೇ ತಗೊಳ್ಳಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪೆಟಲುಮಾದಲ್ಲಿ ಒಂದು ಬಾರ್‌ನ ಕಟ್ಟೆ ಮೇಲೆ ಶುರುವಾದ ಪಂದ್ಯ ಅದು. ಜನಪ್ರಿಯ ಮಾಡಿದ್ದು ಬಿಲ್ ಸೊಬೆರಾನೆಸ್ ಅನ್ನೋ ಊರ ಪತ್ರಕರ್ತ. ಆಮೇಲೆ ಅದು ಅಮೆರಿಕದ ಟಿವಿಯಲ್ಲೂ ಬಂತು. ಖರ್ಚು ಏನು ಹೇಳಿ? ಒಂದು ಮೇಜು, ಎರಡು ಕೈ. ಅಷ್ಟೇ.

ಆದರೆ ಕಥೆ ಇಲ್ಲಿಗೇ ಸುಖಾಂತ್ಯ ಆಗಲ್ಲ. ನ್ಯೂಯಾರ್ಕ್‌ನ ಕೂಟ ನಡೀತಿದ್ದಿದ್ದು ಸರ್ಕಾರದ ದುಡ್ಡಲ್ಲಿ. 2008ರಲ್ಲಿ ಆರ್ಥಿಕ ಕುಸಿತ ಬಂತು. ಖಜಾನೆ ಬರಿದಾದಾಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ಬಡವರ ಆಟಕ್ಕೆ ತಾನೇ? 2009ರ ಬೇಸಿಗೆಯ ಕೂಟ ರದ್ದು. 2010ರಲ್ಲಿ ಹೇಗೋ ಬಫಲೋದಲ್ಲಿ ನಡೀತು. ಅದೇ ವರ್ಷದ ಕೊನೆಗೆ, ಮುಂದಿನ ವರ್ಷ ಯಾವ ಕೂಟವೂ ಇಲ್ಲ ಅಂತ ಘೋಷಣೆ. ಎಲ್ಲ ರಾಜ್ಯಗಳಿಗೂ ದಾರಿ ತೋರಿಸಿದ ಕೂಟವೇ ನಿಂತುಹೋಯ್ತು.

ಒಂದು ಕೊಂಬೆ ಮಾತ್ರ ಉಳಿಯಿತು. ಚಳಿಗಾಲದ ಆಟಗಳು ನಡೀತಿದ್ದ ಲೇಕ್ ಪ್ಲ್ಯಾಸಿಡ್ ಊರಿನ ಜನ, ಸರ್ಕಾರ ಕೊಡದಿದ್ದರೆ ಬೇಡ ಬಿಡಿ, ನಾವೇ ಮಾಡ್ತೀವಿ ಅಂದರು. ಸ್ಥಳೀಯ ಸಂಸ್ಥೆಗಳು, ಸ್ವಯಂಸೇವಕರು ಸೇರಿ 2011ರಲ್ಲೇ ಮಾಡಿ ತೋರಿಸಿದರು. ಆಮೇಲೂ ನಡೆಸಿಕೊಂಡು ಬಂದರು. ನೆಬ್ರಾಸ್ಕದ ಕೂಟದ ಹಿಂದೆ ಇರೋದೂ ಸರ್ಕಾರಿ ಇಲಾಖೆ ಅಲ್ಲ, ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ. ವೆನ್‌ಲಾಕ್‌ನಲ್ಲಿ ಊರಿನ ಸೊಸೈಟಿಯೊಂದು ಬ್ರೂಕ್ಸ್‌ರ ಕೂಟವನ್ನು ಇವತ್ತಿಗೂ ನಡೆಸ್ತಿದೆ. ಏನು ಗೊತ್ತಾಗುತ್ತೆ ಇದರಿಂದ? ಊರಿನವರು ನಮ್ಮದು ಅಂದುಕೊಂಡ ಆಟ ಬಜೆಟ್ ಕತ್ತರಿಗೆ ಅಷ್ಟು ಸುಲಭಕ್ಕೆ ಸಿಗಲ್ಲ.

ಇದನ್ನು ಕಲಿಯೋದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಕೊಡಗಿಗೆ ಹೋಗಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಆಯ್ತು. ಒಂದೇ ಮನೆತನದ ತಂಡದಲ್ಲಿ ಮಗನೂ ಇರ್ತಾನೆ, ಸೊಸೆಯೂ ಇರ್ತಾಳೆ, ಅಜ್ಜನೂ ಸ್ಟಿಕ್ ಹಿಡೀತಾರೆ. ಪ್ರತಿ ಸಲ ಒಂದು ಕುಟುಂಬ ಮುಂದೆ ನಿಂತು ಜವಾಬ್ದಾರಿ ಹೊರುತ್ತೆ. ಒಲಿಂಪಿಯನ್ನರನ್ನು ಕೊಟ್ಟ ಜಿಲ್ಲೆ ಅಂತ ಕೊಡಗನ್ನು ಹೊಗಳ್ತೀವಲ್ಲ, ಅಲ್ಲಿ ಆಡುವವರು ಎಷ್ಟು ಜನ ಅಂತ ಮೊದಲು ನೋಡಿ.

ಸರ್ಕಾರ ಕೈ ತೊಳೆದುಕೊಳ್ಳಲಿ ಅಂತ ನಾನು ಹೇಳ್ತಿಲ್ಲ. ತಾಲ್ಲೂಕು ಕ್ರೀಡಾಂಗಣಕ್ಕೆ ಬೀಗ ಹಾಕಿ ಬೀಗದ ಕೈ ಕಚೇರಿಯ ಮೊಳೆಗೆ ನೇತು ಹಾಕಿದರೆ ಅದು ಯಾರ ಮೈದಾನ? ನಮ್ಮ ತೆರಿಗೆಯ ದುಡ್ಡಲ್ಲಿ ಕಟ್ಟಿದ್ದು ಅಲ್ವಾ? ಗೇಟು ತೆಗೀರಿ ಅಂತ ಕೇಳೋ ಹಕ್ಕು ನಮಗಿದೆ. ಗೇಟು ತೆಗೆದ ಮೇಲೆ ಒಳಗೆ ಹೋಗಿ ಆಡೋ ಜವಾಬ್ದಾರಿಯೂ ನಮ್ಮದೇ. ಹಾಲು ಹಾಕುವವರು, ಬಸ್ ಓಡಿಸುವವರು, ಅಂಗನವಾಡಿ ಟೀಚರ್, ರಿಟೈರ್ಡ್ ಮೇಷ್ಟ್ರು, ವರ್ಷಕ್ಕೆ ಎರಡು ದಿನ ಎಲ್ಲರೂ ಆಡೋ ಹಾಗೆ ಒಂದು ಕೂಟ ತಾಲ್ಲೂಕಿಗೊಂದು ಆಗಲಿ. ಬಿಲ್ಲು ಇದ್ದರೆ ಬಿಲ್ಲು, ಇಲ್ಲದಿದ್ದರೆ ಪಂಜಾ ಕುಸ್ತಿಗೆ ಒಂದು ಮೇಜು.

ಮೆಡಲ್ ಪಟ್ಟಿಯ ವಿಷಯ ಆಮೇಲೆ ಮಾತಾಡೋಣ. ನಿಮ್ಮೂರ ಕ್ರೀಡಾಂಗಣದ ಬೀಗದ ಕೈ ಯಾರ ಹತ್ತಿರ ಇದೆ, ಮೊದಲು ಅದನ್ನು ಕೇಳಿ.